ಅಸ್ತಮಾ ಇರುವವರಿಗೆ ಸಿಪ್ಯಾಪ್: ಮಾಸ್ಕ್ ಹಾಕಿದ ಮೇಲೆ ಮೂಗು ಕಟ್ಟುವುದು, ನಡುರಾತ್ರಿ ಕೆಮ್ಮು

ತುಂಗಾತೀರ (ಪ್ರಶ್ನೆ)

ಅಮ್ಮನಿಗೆ 58 ವರ್ಷ. ಎತ್ತರ 155 ಸೆಂ.ಮೀ., ತೂಕ 84 ಕೆ.ಜಿ. ದಮ್ಮು ಬಹಳ ವರ್ಷದ್ದು. ಬುಡೆಸೊನೈಡ್-ಫಾರ್ಮೊಟೆರಾಲ್ 200 ಇನ್‌ಹೇಲರ್ ಬೆಳಿಗ್ಗೆ ಎರಡು ಪಫ್, ರಾತ್ರಿ ಎರಡು ಪಫ್. ಮಲಗುವ ಮುಂಚೆ ಒಂದು ಡೆರಿಫಿಲಿನ್ ಮಾತ್ರೆ. ಬಿ.ಪಿ.ಗೂ ಮಾತ್ರೆ ಇದೆ. ಗೊರಕೆ, ಹಗಲು ತೂಕಡಿಕೆ ಜಾಸ್ತಿಯಾಗಿದ್ದಕ್ಕೆ ಶಿವಮೊಗ್ಗದಲ್ಲಿ ಸ್ಲೀಪ್ ಸ್ಟಡಿ ಮಾಡಿಸಿದೆವು. ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವುದು) ಅಂತ ಬಂತು. ಎಎಚ್‌ಐ (ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ) 34, ಆಕ್ಸಿಜನ್ ಇಳಿದದ್ದು 76ರವರೆಗೆ. ಆಟೋ ಸಿಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ, ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರ) ಕೊಟ್ಟಿದ್ದಾರೆ, ಒತ್ತಡ 4ರಿಂದ 20, ಮೂಗಿನ ಮಾಸ್ಕ್.

ತೊಂದರೆ ಏನೆಂದರೆ, ಹಾಕಿ ಎರಡು ಗಂಟೆಯೊಳಗೆ ಮೂಗು ಕಟ್ಟುತ್ತೆ, ಬಾಯಿ ಒಣಗುತ್ತೆ. ರಾತ್ರಿ 2–3ರ ಹೊತ್ತಿಗೆ ಕೆಮ್ಮು, ಉಸಿರು ಕಟ್ಟಿದಂತಾಗಿ ಎದ್ದು ಮಾಸ್ಕ್ ಕಿತ್ತಿಡುತ್ತಾರೆ. ಮತ್ತೆ ಹಾಕುವುದಿಲ್ಲ. ಯಂತ್ರದ ಆ್ಯಪ್‌ನಲ್ಲಿ ಕಾಣುವುದು: ಬಳಕೆ ದಿನಕ್ಕೆ 2 ಗಂಟೆ 40 ನಿಮಿಷ, ಎಎಚ್‌ಐ 9, ಲೀಕ್ (ಗಾಳಿ ಸೋರಿಕೆ) 41, ಒತ್ತಡ 13.2 (95 ಪರ್ಸೆಂಟೈಲ್, ಅಂದರೆ ಬಳಸಿದ ಹೊತ್ತಿನ ಶೇ 95ರಷ್ಟು ಕಾಲ ಒತ್ತಡ ಇದರೊಳಗೇ ಇತ್ತು).

ಈ ಗಾಳಿಯೇ ದಮ್ಮನ್ನು ಕೆರಳಿಸುತ್ತಿದೆಯೇ? ಎದ್ದು ಕೂರುವುದು ದಮ್ಮಿಗೋ ಅಪ್ನಿಯಾಗೋ ಅಂತ ಮನೆಯಲ್ಲೇ ಗೊತ್ತುಮಾಡಿಕೊಳ್ಳುವುದು ಹೇಗೆ? ಒತ್ತಡ ಕಡಿಮೆ ಮಾಡಿಸಿದರೆ ಸರಿಹೋಗುತ್ತಾ?

ಎದೆಗೂಡು

ಯಂತ್ರ ನಿಲ್ಲಿಸಬೇಡಿ. ಗಂಟೆಗೆ 30ಕ್ಕಿಂತ ಹೆಚ್ಚು ಸಲ ಉಸಿರು ನಿಂತರೆ ಅಥವಾ ಕುಗ್ಗಿದರೆ ಅದು ತೀವ್ರ ಅಪ್ನಿಯಾ. ನಿಮ್ಮ ತಾಯಿಯವರು ಮಾಸ್ಕ್ ತೆಗೆಯುವ ಹೊತ್ತನ್ನೂ ಗಮನಿಸಿ. ಕನಸು ಬೀಳುವ ರೆಮ್ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಭಾಗದಲ್ಲಿ. ಗಂಟಲಿನ ಸ್ನಾಯು ಅತಿ ಸಡಿಲವಾಗಿ ಅಪ್ನಿಯಾ ಉಲ್ಬಣಿಸುವುದೂ ಆಗಲೇ. ಅಸ್ತಮಾದವರ ಶ್ವಾಸನಾಳ ದಿನದಲ್ಲಿ ಅತ್ಯಂತ ಕಿರಿದಾಗುವುದು ಬೆಳಗಿನ ಜಾವ 4ರ ಆಸುಪಾಸು. ಅಂದರೆ ರಕ್ಷಣೆ ಹೆಚ್ಚು ಬೇಕಾದ ಹೊತ್ತಿನಲ್ಲೇ ಮಾಸ್ಕ್ ಇರುವುದಿಲ್ಲ.

ದಮ್ಮೋ ಅಪ್ನಿಯಾವೋ ಎಂಬುದನ್ನು ಬಹುಮಟ್ಟಿಗೆ ಮನೆಯಲ್ಲೇ ಗುರುತಿಸಬಹುದು. ಅಪ್ನಿಯಾದಲ್ಲಿ ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಎದೆ-ಹೊಟ್ಟೆ ಏದುತ್ತಿರುತ್ತವೆ ಆದರೆ ಗಾಳಿ ಹೋಗುವುದಿಲ್ಲ, ಆಮೇಲೆ ಒಂದು ದೊಡ್ಡ ಗುಟುಕಿನೊಂದಿಗೆ ಉಸಿರು ಬರುತ್ತದೆ. ಎಚ್ಚರವಾದರೆ ಒಂದು ನಿಮಿಷದೊಳಗೆ ಎಲ್ಲ ಸರಿ. ಅಸ್ತಮಾದಲ್ಲಿ ಎಚ್ಚರವಾದ ಮೇಲೂ ಕಷ್ಟ ಮುಂದುವರಿಯುತ್ತದೆ. ಉಸಿರು ಬಿಡುವಾಗ ಸಿಳ್ಳೆಯಂಥ ಸದ್ದು, ಎದೆ ಬಿಗಿತ, ಕೆಮ್ಮು ಇರುತ್ತವೆ. ಶ್ವಾಸನಾಳವನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರ್ ಎಳೆದರೆ 5–15 ನಿಮಿಷದಲ್ಲಿ ಹಗುರವಾಗುತ್ತದೆ. ಫೋನಿನಲ್ಲಿ ಒಂದು ನಿಮಿಷದ ವೀಡಿಯೊ ಸದ್ದಿನ ಸಮೇತ ತೆಗೆದಿಡಿ. ವೈದ್ಯರಿಗೆ ಹತ್ತು ಮಾತಿಗಿಂತ ಅದು ಉಪಯೋಗ.

ಮೂರನೆಯ ಸಾಧ್ಯತೆಯೊಂದಿದೆ. ಕಾಲು ಊದಿಕೊಂಡಿದ್ದರೆ, ಎರಡು-ಮೂರು ದಿಂಬಿಲ್ಲದೆ ಮಲಗಲು ಆಗದಿದ್ದರೆ ಹೃದಯ ನೋಡಿಸಬೇಕು. ಬಿ.ಪಿ. ಇರುವವರಿಗೆ ಇಸಿಜಿ, ಎಕೋ ಮಾಡಿಸದೆ ರಾತ್ರಿಯ ಉಸಿರಾಟದ ಕಷ್ಟವನ್ನೆಲ್ಲ ದಮ್ಮಿನ ಲೆಕ್ಕಕ್ಕೆ ಬರೆಯುವುದು ತಪ್ಪು.

ಪೀಕ್ ಫ್ಲೋ ಮೀಟರ್ (ಉಸಿರನ್ನು ಎಷ್ಟು ರಭಸವಾಗಿ ಊದಬಲ್ಲರೆಂದು ಅಳೆಯುವ ಸಾಧನ) ಇಲ್ಲದಿದ್ದರೆ ಇಂದೇ ತನ್ನಿ. ಬೆಳಿಗ್ಗೆ ಎದ್ದೊಡನೆ ಇನ್‌ಹೇಲರ್‌ಗೆ ಮುಂಚೆ, ಸಂಜೆ ಮತ್ತೊಮ್ಮೆ. ನಿಂತುಕೊಂಡು ಮೂರು ಸಲ ಊದಿಸಿ, ದೊಡ್ಡ ಅಂಕಿಯನ್ನು ಮಾತ್ರ ಬರೆಯಿರಿ. ದಿನದ ಗರಿಷ್ಠದಲ್ಲಿ ಕನಿಷ್ಠವನ್ನು ಕಳೆದು, ಎರಡರ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿ. ಒಂದೆರಡು ವಾರದ ಸರಾಸರಿ ಶೇ 10 ದಾಟಿದರೆ ವಯಸ್ಕರಲ್ಲಿ ಆ ಏರಿಳಿತ ಹೆಚ್ಚೇ. ಜೊತೆಗೆ ಆ ರಾತ್ರಿ ಮಾಸ್ಕ್ ಎಷ್ಟು ಗಂಟೆ ಇತ್ತು ಎಂದು ಪಕ್ಕದಲ್ಲೇ ಬರೆಯಿರಿ. ಹೆಚ್ಚು ಹೊತ್ತು ಹಾಕಿದ ರಾತ್ರಿಗಳ ಮಾರನೇ ಬೆಳಿಗ್ಗೆಯೇ ಅಂಕಿ ಕೆಳಗಿದ್ದರೆ ಗಾಳಿಯ ಮೇಲೆ ಅನುಮಾನ ಪಡಬಹುದು. ಹಾಗೆ ಕಾಣದಿದ್ದರೆ ಯಂತ್ರವನ್ನು ದೂರಬೇಡಿ.

ಈ ಎರಡು ಕಾಯಿಲೆ ಒಟ್ಟಿಗೆ ಬರುವುದು ಅಕಸ್ಮಾತ್ತಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೊದಲು ಅಪ್ನಿಯಾ ಇಲ್ಲದವರಲ್ಲಿ ನಾಲ್ಕು ವರ್ಷದ ಅವಧಿಯಲ್ಲಿ ಅದು ಹೊಸದಾಗಿ ಕಾಣಿಸಿದ್ದು ಅಸ್ತಮಾ ಇದ್ದವರಲ್ಲಿ ಶೇ 27, ಇಲ್ಲದವರಲ್ಲಿ ಶೇ 16. ಕಟ್ಟಿದ ಮೂಗು, ಮತ್ತೆ ಮತ್ತೆ ನುಂಗಿದ ಸ್ಟೀರಾಯ್ಡ್ ಮಾತ್ರೆಯಿಂದ ಏರಿದ ತೂಕ, ಒಡೆದ ನಿದ್ದೆ ಎಲ್ಲವೂ ಸೇರುತ್ತವೆ. ಅಪ್ನಿಯಾ ತಿರುಗಿ ಹುಳಿತೇಗನ್ನು ಹೆಚ್ಚಿಸುತ್ತದೆ, ಅದು ದಮ್ಮನ್ನು ಕೆರಳಿಸುತ್ತದೆ. ಸಿಪ್ಯಾಪ್ ಸರಿಯಾಗಿ ಬಳಸಿದವರಲ್ಲಿ ರಾತ್ರಿಯ ಅಸ್ತಮಾ ಲಕ್ಷಣಗಳು ಇಳಿದದ್ದನ್ನು ಹಲವು ಅಧ್ಯಯನಗಳು ತೋರಿಸಿವೆ. ಸ್ಪೈರೊಮೆಟ್ರಿಯ (ಯಂತ್ರಕ್ಕೆ ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಅಂಕಿಗಳು ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ಇನ್‌ಹೇಲರ್ ಬಿಡುವ ಮಾತೇ ಇಲ್ಲ. ಅದು ಶ್ವಾಸನಾಳಕ್ಕೆ, ಮಾಸ್ಕ್ ಗಂಟಲಿಗೆ. ಒಂದರ ಕೆಲಸ ಇನ್ನೊಂದು ಮಾಡದು.

ಕೊನೆಗೆ ಒಂದು ಪ್ರಶ್ನೆ: ಅವರು ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಅಡುಗೆ ಮಾಡಿದವರೇ? ನಮ್ಮಲ್ಲಿ ದಮ್ಮು ಎಂದು ಕರೆಯುವ ಎಷ್ಟೋ ಹೆಂಗಸರ ಕಾಯಿಲೆ ಹೊಗೆಯಿಂದ ಬಂದ ಸಿಒಪಿಡಿ (ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ಕಾಯಿಲೆ) ಆಗಿರುತ್ತದೆ. ಸ್ಪೈರೊಮೆಟ್ರಿ ಮಾಡಿಸಿದ್ದಾರೆಯೇ? ಔಷಧಿ ಕೊಟ್ಟ ಮೇಲೂ ಎಫ್‌ಇವಿ1/ಎಫ್‌ವಿಸಿ (ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬಂದ ಪಾಲು) 0.70ಕ್ಕಿಂತ ಕೆಳಗೇ ಉಳಿದರೆ ಲೆಕ್ಕ ಬೇರೆ. ಅಂಥವರಲ್ಲಿ, ಮತ್ತು ಬಿಎಂಐ 30 ದಾಟಿದವರಲ್ಲಿ, ರಕ್ತದ ಕಾರ್ಬನ್ ಡೈಆಕ್ಸೈಡ್ ಏರಿದೆಯೇ ನೋಡಬೇಕು. ನಿಮ್ಮ ತಾಯಿಯವರ ಬಿಎಂಐ 35. ಮಾಮೂಲಿ ರಕ್ತಪರೀಕ್ಷೆಯಲ್ಲಿ ಬೈಕಾರ್ಬೊನೇಟ್ 27 ಅಥವಾ ಹೆಚ್ಚಿದ್ದರೆ ಎಬಿಜಿ (ಅಪಧಮನಿಯ ರಕ್ತದಲ್ಲಿ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಅಳೆಯುವ ಪರೀಕ್ಷೆ) ಮಾಡಿಸುತ್ತಾರೆ. ಎಚ್ಚರವಿದ್ದಾಗಲೇ ಅದರಲ್ಲಿ ಕಾರ್ಬನ್ ಡೈಆಕ್ಸೈಡ್ 45 ದಾಟಿದ್ದರೆ ಸಿಪ್ಯಾಪ್ ಸಾಲದೆ ಬೈಪ್ಯಾಪ್ (ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಕೊಡುವ ಯಂತ್ರ) ಬೇಕಾಗಬಹುದು.

ನಿದ್ದೆಲ್ಯಾಬ್

ಒತ್ತಡ ಕಡಿಮೆ ಮಾಡಿಸೋ ಯೋಚನೆ ಸದ್ಯಕ್ಕೆ ಬಿಡಿ, ಮೊದಲು ಲೀಕ್ ನೋಡಿ. ಲೀಕ್ ಅಂಕಿ ಕಂಪನಿಯಿಂದ ಕಂಪನಿಗೆ ಬೇರೆ. ರೆಸ್‌ಮೆಡ್ ಯಂತ್ರ ತೋರಿಸೋದು ಬೇಡದ ಸೋರಿಕೆ ಮಾತ್ರ, ಅದರಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಹೆಚ್ಚಾಯ್ತು. ಫಿಲಿಪ್ಸ್ ಯಂತ್ರ ಮಾಸ್ಕ್‌ನ ರಂಧ್ರದಿಂದ ಬೇಕಂತಲೇ ಹೊರಹೋಗುವ ಗಾಳಿಯನ್ನೂ ಸೇರಿಸಿ ತೋರಿಸುತ್ತೆ, ಅಲ್ಲಿ 41 ಅಷ್ಟೇನೂ ಕೆಟ್ಟದ್ದಲ್ಲ. ನಿಮ್ಮದು ಮೊದಲನೇ ಜಾತಿ ಆಗಿದ್ದರೆ ಎಎಚ್‌ಐ 9 ಅನ್ನೋ ಅಂಕಿಯನ್ನೂ ಪೂರ್ತಿ ನಂಬಬೇಡಿ. ಅಷ್ಟು ಸೋರಿದರೆ ಯಂತ್ರಕ್ಕೆ ಉಸಿರಿನ ಅಲೆ ಸರಿಯಾಗಿ ಕಾಣಿಸೋದಿಲ್ಲ.

ಬಾಯಿ ಒಣಗುತ್ತೆ ಅಂದಿರಲ್ಲ, ಸೋರ್ತಿರೋದು ಅಲ್ಲೇ. ಮೂಗು ಸ್ವಲ್ಪ ಕಟ್ಟಿರುತ್ತೆ, ನಿದ್ದೆಯಲ್ಲಿ ಬಾಯಿ ತೆರೆಯುತ್ತೆ. ಆಗ ಗಾಳಿ ಮೂಗಿನಿಂದ ಒಳಬಂದು ಬಾಯಿಂದ ಹೊರಗೆ ಒಂದೇ ದಿಕ್ಕಿಗೆ ಹರಿಯುತ್ತೆ. ಮಾಮೂಲಾಗಿ ಉಸಿರು ಬಿಡುವಾಗ ಮೂಗಿಗೆ ವಾಪಸ್ ಸಿಗುವ ಶಾಖ, ತೇವ ಆಗ ಸಿಗೋದಿಲ್ಲ. ಒಳಪೊರೆ ಒಣಗಿ ಇನ್ನೂ ಊದುತ್ತೆ, ಮೂಗು ಇನ್ನೂ ಕಟ್ಟುತ್ತೆ, ಬಾಯಿ ಇನ್ನೂ ತೆರೆಯುತ್ತೆ. ಎರಡು ಗಂಟೆಯಲ್ಲಿ ನಿಮ್ಮಮ್ಮನಿಗೆ ಆಗ್ತಿರೋದು ಇದೇ. ಒಣ ತಣ್ಣನೆ ಗಾಳಿ ಅಸ್ತಮಾದವರ ಶ್ವಾಸನಾಳವನ್ನು ಬಿಗಿಸುತ್ತೆ, ಕೆಮ್ಮು ಅಲ್ಲಿಂದ ಬರಬಹುದು. ಇವರಿಗೆ ಹೀಟೆಡ್ ಹ್ಯುಮಿಡಿಫೈಯರ್ (ನೀರು ಬಿಸಿಮಾಡಿ ಗಾಳಿಗೆ ತೇವ ಸೇರಿಸೋ ಭಾಗ) ಐಚ್ಛಿಕ ಸಾಮಾನಲ್ಲ. ಇದೆಯಾ? ಇದ್ದು ಆಫ್ ಆಗಿದೆಯಾ? ನೀರಿನ ಡಬ್ಬ ಖಾಲಿ ಇಟ್ಟು ಬಳಸುವವರು ತುಂಬಾ ಜನ.

1ರಿಂದ 8ರ ಅಳತೆ ಇದ್ದರೆ 4ರಲ್ಲಿ ಶುರುಮಾಡಿ. ಎರಡು ರಾತ್ರಿ ನೋಡಿ, ಒಣಗ್ತಿದ್ದರೆ ಒಂದೊಂದೇ ಹೆಚ್ಚಿಸಿ. ಕಲಬುರಗಿ, ವಿಜಯಪುರದ ಬೇಸಿಗೆಗೆ 6–7 ಬೇಕಾಗಬಹುದು. ಮಲೆನಾಡಿನ ಮಳೆಗಾಲದಲ್ಲಿ ಉಲ್ಟಾ ತೊಂದರೆ: ಬೆಚ್ಚಗಿನ ತೇವದ ಗಾಳಿ ತಣ್ಣನೆ ಕೊಳವೆಯಲ್ಲಿ ಹನಿಯಾಗಿ ಕೂತು ಗುಳುಗುಳು ಅನ್ನುತ್ತೆ, ರಾತ್ರಿ ಮೂಗಿಗೆ ನೀರು ಚಿಮ್ಮುತ್ತೆ. ಆಗ ಹೀಟೆಡ್ ಟ್ಯೂಬ್ ಇದ್ದರೆ 27 ಡಿಗ್ರಿಗಿಡಿ, ಇಲ್ಲದಿದ್ದರೆ ಕೊಳವೆಗೆ ಬಟ್ಟೆ ಸುತ್ತಿ, ಯಂತ್ರವನ್ನು ಮಂಚಕ್ಕಿಂತ ತಗ್ಗಿನಲ್ಲಿಡಿ (ನೀರು ಹಿಂದಕ್ಕೆ ಡಬ್ಬಕ್ಕೇ ಇಳಿಯುತ್ತೆ), ತೇವದ ಅಳತೆ ಒಂದು ಇಳಿಸಿ.

ನೀರು ಡಿಸ್ಟಿಲ್ಡ್ ಆಗಿರಲಿ. ಬ್ಯಾಟರಿಗೆ ಹಾಕೋ ನೀರು ಬೇಡ, ಅದನ್ನು ಉಸಿರಾಟಕ್ಕೆ ಅಂತ ತಯಾರಿಸಿರೋದಿಲ್ಲ. ಸಿಗದ ದಿನ ಕುದಿಸಿ ಆರಿಸಿದ ನೀರು ನಡೆಯುತ್ತೆ, ಬೋರ್‌ವೆಲ್ ನೀರಾದರೆ ಬಿಳಿ ಸುಣ್ಣ ಕಟ್ಟುತ್ತೆ ಅಷ್ಟೆ. ದಿನಾ ಬೆಳಿಗ್ಗೆ ಉಳಿದ ನೀರು ಚೆಲ್ಲಿ, ಡಬ್ಬ ತೊಳೆದು ನೆರಳಲ್ಲಿ ಒಣಗಿಸಿ. ನೀಲಗಿರಿ ಎಣ್ಣೆ, ವಿಕ್ಸ್, ಅಮೃತಾಂಜನ ಯಾವುದನ್ನೂ ಡಬ್ಬಕ್ಕೆ ಹಾಕಬೇಡಿ. ಅಸ್ತಮಾದವರಿಗೆ ರಾತ್ರಿಯಿಡೀ ಆ ಘಾಟು ನೇರ ಒಳಗೆ ಹೋಗುತ್ತೆ.

ಈಗ ಒತ್ತಡ. 95 ಪರ್ಸೆಂಟೈಲ್ 13.2 ಇರುವವರಿಗೆ ಕನಿಷ್ಠ 4 ತುಂಬ ಕಡಿಮೆ. ನಿದ್ದೆ ಹತ್ತುವ ಮುಂಚೆ "ಗಾಳಿ ಸಾಲದು" ಅನಿಸೋದು ಇದರಿಂದ, ದಮ್ಮು ಕಂಡವರಿಗೆ ಆ ಭಾವನೆಯೇ ಗಾಬರಿ ಹುಟ್ಟಿಸುತ್ತೆ. ಮೇಲಾಗಿ ಗಂಟಲು ಮುಚ್ಚಿದ ಮೇಲೆ ಯಂತ್ರ ನಿಧಾನಕ್ಕೆ ಏರುತ್ತೆ, ಅಷ್ಟರಲ್ಲಿ ಎಚ್ಚರ ಆಗಿರುತ್ತೆ. 8ರಿಂದ 15ರ ಆಸುಪಾಸು ಕಿರಿದು ಮಾಡಬಹುದಾ ಅಂತ ಬರೆದುಕೊಟ್ಟ ವೈದ್ಯರನ್ನು ಕೇಳಿ, ನೀವೇ ಬದಲಿಸಬೇಡಿ. ಉಸಿರು ಬಿಡುವಾಗ ಒತ್ತಡ ಇಳಿಸುವ ಸೌಲಭ್ಯ 1ರಿಂದ 3ರವರೆಗೆ ಇರುತ್ತೆ. 2 ಇಟ್ಟರೆ ಅಸ್ತಮಾದವರಿಗೆ ಹಾಯೆನಿಸುತ್ತೆ. ಆದರೆ ಇಳಿಸಿದಷ್ಟೂ ಗಂಟಲಿಗೆ ಸಿಗುವ ಆಸರೆಯೂ ಇಳಿಯುತ್ತೆ, ಎಎಚ್‌ಐ ಏರಿದರೆ ಕನಿಷ್ಠ ಒತ್ತಡ ಸ್ವಲ್ಪ ಏರಿಸಬೇಕಾಗುತ್ತೆ.

ಮಾಸ್ಕ್ ಪಟ್ಟಿ ಬಿಗಿ ಮಾಡೋದು ಮಲಗಿಕೊಂಡು, ಯಂತ್ರ ಓಡ್ತಿರುವಾಗ. ಕೂತು ಬಿಗಿದದ್ದು ಮಲಗಿದಾಗ ಸಡಿಲ. ಮುಖ ತೊಳೆದು ಎಣ್ಣೆ, ಕ್ರೀಮ್ ಇಲ್ಲದೆ ಹಾಕಿ. ವ್ಯಾಸಲಿನ್ ಬೇಡ, ಮಾಸ್ಕ್‌ನ ಕುಷನ್ ಹಾಳಾಗುತ್ತೆ. ಬಾಯಿಗೆ ಟೇಪ್ ಹಾಕೋ ವೀಡಿಯೊಗಳು ಓಡಾಡ್ತಿವೆ, ಕಟ್ಟಿದ ಮೂಗು ಮತ್ತು ದಮ್ಮು ಇರುವವರಿಗೆ ಅದು ಅಪಾಯ. ಮೂಗು ಸರಿಹೋದ ಮೇಲೂ ಬಾಯಿ ತೆರೆದರೆ ಮೂಗು-ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ನೋಡೋಣ. ಮೊದಲೇ ಅದಕ್ಕೆ ಹೋಗಬೇಡಿ, ಅದರಲ್ಲಿ ಎಷ್ಟೋ ಸಲ ಒತ್ತಡವೂ ಹೆಚ್ಚು ಬೇಕಾಗುತ್ತೆ, ಸೋರುವ ಅಂಚೂ ಉದ್ದ.

ತುಂಗಾತೀರ

ತುಂಬಾ ಉಪಕಾರವಾಯಿತು. ರೆಸ್‌ಮೆಡ್ ಯಂತ್ರ. ಹ್ಯುಮಿಡಿಫೈಯರ್ ಇದೆ, ಆದರೆ ಆಫ್ ಇತ್ತು. ಸೌದೆ ಒಲೆ ಹೌದು, ಗ್ಯಾಸ್ ಬರುವವರೆಗೂ. ಸ್ಪೈರೊಮೆಟ್ರಿ ಮಾಡಿಸಿಲ್ಲ. ಪೀಕ್ ಫ್ಲೋ ಮೀಟರ್ ಇತ್ತು: ಬೆಳಿಗ್ಗೆ 210, ಸಂಜೆ 270ರ ಹತ್ತಿರ ಬರುತ್ತಿದೆ. ಬಿ.ಪಿ.ಗೆ ಎನಲಾಪ್ರಿಲ್. ಇನ್ನೆರಡು ಕೇಳುವುದಿದೆ. ಕೋವಿಡ್ ಸಮಯದಲ್ಲಿ ತಂದ ಆಕ್ಸಿಜನ್ ಕಾನ್ಸೆಂಟ್ರೇಟರ್ ಮನೆಯಲ್ಲಿದೆ. ಮಾಸ್ಕ್ ಕಿತ್ತ ಮೇಲೆ ಅದನ್ನು ಹಾಕಬಹುದೇ? ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದರೆ ಏನು ಮಾಡುವುದು?

ಮದ್ದಿನಂಗಡಿ

ಎನಲಾಪ್ರಿಲ್ ಅಂದ ಕೂಡಲೇ ಬರೆಯಬೇಕೆನಿಸಿತು. ಆ ಗುಂಪಿನ ಮಾತ್ರೆಗಳು, ರಾಮಿಪ್ರಿಲ್ ಕೂಡ, ಕೆಲವರಿಗೆ ಒಣ ಕೆಮ್ಮು ತರುತ್ತವೆ. ಮಾತ್ರೆ ಶುರುಮಾಡಿ ತಿಂಗಳುಗಳಾದ ಮೇಲೂ ಅದು ಕಾಣಿಸಬಹುದು. ಟೆಲ್ಮಿಸಾರ್ಟನ್, ಲೊಸಾರ್ಟನ್ ಥರದ್ದಕ್ಕೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ; ಬದಲಿಸಿದರೂ ಕೆಮ್ಮು ಪೂರ್ತಿ ಹೋಗಲು ಕೆಲವು ವಾರ ಹಿಡಿಯುತ್ತದೆ. ಬದಲಿಸುವಾಗ ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್‌ಗೆ ಮಾತ್ರ ಹೋಗದಿರಲಿ, ದಮ್ಮು ಕೆರಳುತ್ತದೆ. ಕಣ್ಣಿನ ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಹನಿಯೂ ಅದೇ ಗುಂಪಿನದು. ಅಸ್ತಮಾ ಇದೆ ಎಂದು ಕಣ್ಣಿನ ಡಾಕ್ಟರಿಗೆ ಹೇಳದೇ ಹೋಗುವುದು ಸಾಮಾನ್ಯ.

ಡೆರಿಫಿಲಿನ್‌ನಲ್ಲಿರುವ ಥಿಯೋಫಿಲಿನ್ ಕಾಫಿಯ ಕೆಫೀನ್‌ಗೆ ಹತ್ತಿರದ ಸಂಬಂಧಿ. ನಿದ್ದೆ ಕೆಡಿಸುತ್ತದೆ, ಅನ್ನನಾಳದ ಕೆಳಗಿನ ಕವಾಟವನ್ನು ಸಡಿಲಿಸಿ ಹುಳಿತೇಗು ಹೆಚ್ಚಿಸುತ್ತದೆ. ಇನ್‌ಹೇಲರ್ ಸರಿಯಾಗಿ ತೆಗೆದುಕೊಳ್ಳುವವರಿಗೆ ಇದು ಬೇಕೇ ಎಂದು ಕೇಳಿ. ತಟ್ಟನೆ ನೀವೇ ನಿಲ್ಲಿಸಬೇಡಿ. ನಿದ್ದೆ ಬರಲಿ ಎಂದು ಆಲ್ಪ್ರಜೊಲಾಮ್‌ನಂಥ ಮಾತ್ರೆ ಕೊಡಲೇಬೇಡಿ. ಗಂಟಲಿನ ಸ್ನಾಯು ಇನ್ನಷ್ಟು ಸಡಿಲವಾಗುತ್ತದೆ.

ಮೂಗಿಗೆ: ರಾತ್ರಿ ಮಲಗುವ ಒಂದು ಗಂಟೆ ಮುಂಚೆ ಉಪ್ಪುನೀರಿನಿಂದ ತೊಳೆಯುವುದು. ಕುದಿಸಿ ಉಗುರುಬೆಚ್ಚಗೆ ಆರಿಸಿದ 240 ಮಿ.ಲೀ. ನೀರಿಗೆ 2 ಗ್ರಾಂ ಆಸುಪಾಸು ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಬಾವಿಯ, ಹೊಳೆಯ ಹಸಿ ನೀರು ಖಂಡಿತ ಬೇಡ. ಮೂಗಿನಿಂದ ಮಿದುಳಿಗೇರುವ ಅಮೀಬಾದ ಪ್ರಕರಣಗಳು ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಕಂಡುಬಂದಿವೆ. ಆಮೇಲೆ ವೈದ್ಯರು ಒಪ್ಪಿದರೆ ಮೊಮೆಟಸೋನ್ ಅಥವಾ ಫ್ಲುಟಿಕಸೋನ್ ಸ್ಪ್ರೇ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ತುದಿ ಕಿವಿಯ ಕಡೆ ಇರಲಿ, ನಡುಗೋಡೆಯ ಕಡೆ ಅಲ್ಲ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ, ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ತಕ್ಷಣ ಮೂಗು ಬಿಡಿಸುವ ಆಕ್ಸಿಮೆಟಜೊಲಿನ್, ಕ್ಸೈಲೊಮೆಟಜೊಲಿನ್ ಹನಿಗಳನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ಮೂಗಿಗೆ ಎಣ್ಣೆ ಬಿಡುವ ರೂಢಿ ಇದ್ದರೆ ಮಾಸ್ಕ್ ಹಾಕುವವರು ನಿಲ್ಲಿಸುವುದು ಒಳ್ಳೆಯದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರದೇ ಬಗೆಯ ನ್ಯುಮೋನಿಯಾ ಬರುತ್ತದೆ.

ರಾತ್ರಿಯ ಇನ್‌ಹೇಲರ್ ಮಾಸ್ಕ್‌ಗಿಂತ ಮುಂಚೆ, ಸ್ಪ್ರೇ ಬಗೆಯದಾದರೆ ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಟೊಳ್ಳು ಕೊಳವೆ) ಮೂಲಕ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಲೇಬೇಕು. ಸ್ಟೀರಾಯ್ಡ್ ಉಳಿದ ಬಾಯಿ ರಾತ್ರಿಯಿಡೀ ಒಣಗಿದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಬರುವುದು ಸುಲಭ.

ಕೋಣೆಯ ಬಗ್ಗೆ ಒಂದು ಮಾತು. ಯಂತ್ರ ಗಾಳಿ ಎಳೆಯುವುದು ಅದೇ ಕೋಣೆಯಿಂದ. ಅದರ ಫಿಲ್ಟರ್ ದೂಳು ಹಿಡಿಯುತ್ತದೆ, ಹೊಗೆ ಮತ್ತು ವಾಸನೆ ತಡೆಯುವುದಿಲ್ಲ. ಸೊಳ್ಳೆ ಬತ್ತಿ, ಊದುಬತ್ತಿ, ಲೋಬಾನ ಆ ಕೋಣೆಯಲ್ಲಿ ಬೇಡ, ಸೊಳ್ಳೆ ಪರದೆ ಕಟ್ಟಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಗೋಡೆಗೆ ಒರಗಿಸಿ ಯಂತ್ರ ಇಡಬೇಡಿ. ಫಿಲ್ಟರ್ ತಿಂಗಳಿಗೊಮ್ಮೆ ಬದಲಿಸಿ, ಅಡಿಕೆ ಸುಲಿಯುವ ಕಾಲದಲ್ಲಿ ಹದಿನೈದು ದಿನಕ್ಕೆ.

ಎದೆಗೂಡು

210 ಮತ್ತು 270: ವ್ಯತ್ಯಾಸ 60, ಸರಾಸರಿ 240, ಅಂದರೆ ಶೇ 25. ವಾರವಿಡೀ ಹೀಗೇ ಇದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ. ಮಾಸ್ಕ್ ಕಿತ್ತಿಡುವುದಕ್ಕೆ ಇದೂ ಒಂದು ಕಾರಣ. ವೈದ್ಯರ ಭೇಟಿಯನ್ನು ಬೇಗ ಮಾಡಿಕೊಳ್ಳಿ. ಹೋಗುವಾಗ ಯಂತ್ರದ ಕಾರ್ಡ್, ಪೀಕ್ ಫ್ಲೋ ಪುಸ್ತಕ, ಇನ್‌ಹೇಲರ್ ಮೂರನ್ನೂ ಒಯ್ಯಿರಿ. ಇನ್‌ಹೇಲರ್ ಎಳೆಯುವ ರೀತಿಯನ್ನು ಅವರೆದುರೇ ತೋರಿಸಿ. ಡೋಸ್ ಹೆಚ್ಚಿಸುವ ಮೊದಲು ನೋಡಬೇಕಾದದ್ದು ಅದನ್ನೇ. ಸ್ಪೈರೊಮೆಟ್ರಿ, ಬೈಕಾರ್ಬೊನೇಟ್ ಅದೇ ದಿನ ಆಗಲಿ.

ಕಾನ್ಸೆಂಟ್ರೇಟರ್ ಬೇಡ. ಆಕ್ಸಿಜನ್ ಕೊಟ್ಟರೆ ಬೆರಳಿನ ಮೀಟರ್‌ನಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ, ಗಂಟಲು ಮುಚ್ಚುವುದು ಹಾಗೇ ಇರುತ್ತದೆ. ಉಸಿರು ನಿಲ್ಲುವ ಅವಧಿ ಉದ್ದವಾಗಬಹುದು, ಕಾರ್ಬನ್ ಡೈಆಕ್ಸೈಡ್ ಈಗಾಗಲೇ ಏರಿರುವವರಲ್ಲಿ ಇನ್ನೂ ಏರಿ ಮಂಪರು ಕವಿಯಬಹುದು. ಸೌದೆ ಒಲೆ, ಬಿಎಂಐ 35 ಎರಡೂ ಇರುವಾಗ ಎಬಿಜಿ ನೋಡದೆ ಅದನ್ನು ಹಚ್ಚಲೇಬಾರದು.

ರಾತ್ರಿ ನಿಜವಾದ ದಮ್ಮು ಬಂದರೆ: ಮಾಸ್ಕ್ ತೆಗೆದು ಎದ್ದು ಕೂರಿಸಿ. ವೈದ್ಯರು ಬರೆದುಕೊಟ್ಟ ರಿಲೀವರ್ (ದಮ್ಮನ್ನು ತಕ್ಷಣ ಇಳಿಸುವ ಇನ್‌ಹೇಲರ್) ಸ್ಪೇಸರ್‌ನಲ್ಲಿ, ಒಂದು ಸಲಕ್ಕೆ ಒಂದೇ ಪಫ್, ಪ್ರತಿಯೊಂದಕ್ಕೂ ನಾಲ್ಕರಿಂದ ಆರು ಉಸಿರು. ಎಷ್ಟು ಪಫ್‌ವರೆಗೆ ಎಂಬುದನ್ನು ಮೊದಲೇ ಬರೆಸಿಕೊಂಡು ಗೋಡೆಗೆ ಅಂಟಿಸಿರಿ. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಆಕ್ಸಿಜನ್ 92ಕ್ಕಿಂತ ಇಳಿದರೆ, ಇಲ್ಲವೇ ತೂಕಡಿಸತೊಡಗಿದರೆ 108ಕ್ಕೆ ಕರೆಮಾಡಿ. ಸಿಪ್ಯಾಪ್ ಹಾಕಿ ದಮ್ಮು ಇಳಿಸಲು ಮನೆಯಲ್ಲಿ ಪ್ರಯತ್ನಿಸಬೇಡಿ. ದಮ್ಮು ಪೂರ್ತಿ ಇಳಿದ ಮೇಲೆ ಅದೇ ರಾತ್ರಿ ಮತ್ತೆ ಮಾಸ್ಕ್ ಹಾಕಿ ಮಲಗಬಹುದು.

ತೂಕದ ವಿಷಯ: ಶೇ 10 ತೂಕ ಇಳಿದರೆ ಎಎಚ್‌ಐ ಸರಾಸರಿ ಕಾಲು ಭಾಗದಷ್ಟು ಇಳಿಯುತ್ತದೆ. ಇವರಿಗೆ ಅದು ಎಂಟು ಕೆ.ಜಿ. ಚಿಲ್ಲರೆ, 34 ಇದ್ದದ್ದು 25ರ ಹತ್ತಿರ ಬಂದೀತು. ಯಂತ್ರ ಆಗಲೂ ಬೇಕು, ಆದರೆ ಒತ್ತಡ ಕಡಿಮೆ ಸಾಕಾಗಬಹುದು, ದಮ್ಮಿಗೂ ಅನುಕೂಲ. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರುವವರಿಗೆ ಟಿರ್ಜೆಪಟೈಡ್ ಚುಚ್ಚುಮದ್ದಿಗೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಭಾರತದಲ್ಲಿ ಆ ಔಷಧಿ 2025ರಿಂದ ಸಿಗುತ್ತಿದೆ. ದುಬಾರಿ, ಎಲ್ಲರಿಗೂ ಹೊಂದುವುದಿಲ್ಲ. ರಾತ್ರಿ ಊಟ ಮಲಗುವ ಮೂರು ಗಂಟೆ ಮುಂಚೆ ಮುಗಿಸುವುದು, ಮಂಚದ ತಲೆಯ ಕಡೆಯ ಕಾಲುಗಳಿಗೆ 15 ಸೆಂ.ಮೀ. ಎತ್ತರದ ಮರದ ತುಂಡು ಕೊಡುವುದು ಇವತ್ತೇ ಆಗುವಂಥವು.

ನಿದ್ದೆಲ್ಯಾಬ್

ಕರೆಂಟ್ ಬಗ್ಗೆ. ಹೋದ ಕೂಡಲೇ ಉಸಿರುಗಟ್ಟುತ್ತೆ ಅನ್ನೋ ಭಯ ಬೇಡ: ಮೂಗಿನ ಮಾಸ್ಕ್‌ನಲ್ಲಿ ಬಾಯಿ ತೆರೆದೇ ಇರುತ್ತೆ, ಮೂಗು-ಬಾಯಿ ಮಾಸ್ಕ್‌ನಲ್ಲಿ ಒತ್ತಡ ಇಳಿದಾಗ ತಾನಾಗಿ ತೆರೆಯುವ ಕವಾಟ ಇರುತ್ತೆ. ಆದರೆ ಗಾಳಿ ಇಲ್ಲದೆ ಮಾಸ್ಕ್ ಇಟ್ಟುಕೊಂಡು ಮಲಗಬಾರದು. ಮನೆಯ ಇನ್‌ವರ್ಟರ್ ಸೈನ್‌ವೇವ್ ಆಗಿದ್ದರೆ ಯಂತ್ರದ ಸಾಕೆಟ್ ಅದಕ್ಕೆ ಸೇರಿಸಿ. ಅಡಾಪ್ಟರ್ ಮೇಲೆ 65 ಅಥವಾ 90 ವ್ಯಾಟ್ ಅಂತ ಇರುತ್ತೆ, ಅದರಲ್ಲಿ ದೊಡ್ಡ ಪಾಲು ನೀರು ಬಿಸಿ ಮಾಡೋಕೆ. ಸುಸ್ಥಿತಿಯಲ್ಲಿರುವ 150 ಎಎಚ್ ಬ್ಯಾಟರಿ ಫ್ಯಾನು-ಲೈಟು ಹೆಚ್ಚಿಲ್ಲದಿದ್ದರೆ ಒಂದು ರಾತ್ರಿ ತಾಳುತ್ತೆ. ಬ್ಯಾಟರಿ ಹಳೇದಾದರೆ ತೇವದ ಅಳತೆಯನ್ನು 2ಕ್ಕಿಳಿಸಿ, ಪೂರ್ತಿ ಆಫ್ ಮಾಡಬೇಡಿ.

ಓದುವ ಬೇರೆಯವರಿಗೂ ಒಂದು ಎಚ್ಚರಿಕೆ. ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವಾಗ ಸೀರಿಯಲ್ ನಂಬರ್ ಕೇಳಿ. ಸದ್ದು ತಗ್ಗಿಸಲು ಒಳಗೆ ಹಾಕಿದ ಫೋಮ್ ಪುಡಿಯಾಗಿ ಗಾಳಿ ಹಾದಿಗೆ ಬರಬಹುದೆಂದು ಫಿಲಿಪ್ಸ್ 2021ರ ಜೂನ್‌ನಲ್ಲಿ ತನ್ನ ಹಲವು ಮಾದರಿಗಳನ್ನು ವಾಪಸ್ ಕರೆದಿತ್ತು. ಅಸ್ತಮಾದವರಿಗೆ ಅದು ಇನ್ನೂ ಕೆಟ್ಟದ್ದು. ಓಜೋನ್ ಹಾಯಿಸಿ ಶುಚಿ ಮಾಡುವ ಪೆಟ್ಟಿಗೆಯನ್ನೂ ಕೊಳ್ಳಬೇಡಿ: ಓಜೋನ್ ಶ್ವಾಸನಾಳವನ್ನು ಕೆರಳಿಸುತ್ತೆ, ಫೋಮ್ ಬೇಗ ಹಾಳಾಗೋದಕ್ಕೂ ಕಾರಣ. ಕೊಳವೆ, ಮಾಸ್ಕ್‌ಗೆ ವಾಸನೆ ಇಲ್ಲದ ಸೌಮ್ಯ ಸೋಪು, ಉಗುರುಬೆಚ್ಚಗಿನ ನೀರು ಸಾಕು.

ತುಂಗಾತೀರ ಅವರೇ, ಇವತ್ತು ರಾತ್ರಿ ಹ್ಯುಮಿಡಿಫೈಯರ್ 4ಕ್ಕೆ ಹಾಕಿ, ಮಲಗಿದ ಮೇಲೆ ಮಾಸ್ಕ್ ಮತ್ತೆ ಸರಿಮಾಡಿ. ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಮಾಸ್ಕ್ ಹಾಕಿ ಕೂರಿಸಿ, ಅಭ್ಯಾಸ ಆಗುತ್ತೆ. ಒಂದು ವಾರದ ಲೀಕ್, ಎಎಚ್‌ಐ, ಬಳಕೆ ಮೂರೂ ಅಂಕಿ ಇಲ್ಲೇ ಹಾಕಿ. ಎಎಚ್‌ಐ ಪಕ್ಕದಲ್ಲಿ ಸೆಂಟ್ರಲ್ (ಗಂಟಲು ಮುಚ್ಚಿ ಅಲ್ಲ, ಮಿದುಳಿನ ಸೂಚನೆ ಬಾರದೆ ಉಸಿರು ನಿಲ್ಲೋದು) ಅಂತ ಬೇರೆ ಅಂಕಿ ಬಂದರೆ ಅದನ್ನೂ ಬರೆಯಿರಿ, ಅದು ಒತ್ತಡ ಏರಿಸಿ ಸರಿಮಾಡುವಂಥದ್ದಲ್ಲ.